ಕನಿಕರವೂ ಬೇಡ, ಕೊಂಡಾಟವೂ ಬೇಡ

'ಅನುಕಂಪ'ವೆಂಬುದು ಹಿರಿದಾದ ಶಬ್ದ. 'ಅನು' ಎಂದರೆ ಜೊತೆಗೆ, 'ಕಂಪ' ಎಂದರೆ ನಡುಕ. ಮತ್ತೊಬ್ಬರ ನಡುಕದೊಡನೆ ತಾನೂ ನಡುಗುವುದೇ ಅನುಕಂಪ. ಅಲ್ಲಿ ಮೇಲು-ಕೀಳೆಂಬುದಿಲ್ಲ. ಆದರೆ ಬಳಕೆಯಲ್ಲಿ ಈ ಶಬ್ದವು ತನ್ನ ಎತ್ತರದಿಂದ ಜಾರಿ, ಮೇಲೆ ನಿಂತವನು ಕೆಳಗಿರುವವನ ಕಡೆಗೆ ಬೀರುವ ನೋಟವಾಗಿ ಪರಿಣಮಿಸಿದೆ. ವಿಕಲಚೇತನರ ವಿಷಯದಲ್ಲಂತೂ ಈ ಮಾತು ಇನ್ನಷ್ಟು ನಿಜ. ಸಮೂಹ ಮಾಧ್ಯಮಗಳು ಅವರನ್ನು ಬಹುಕಾಲ ಎರಡೇ ಬಗೆಯಲ್ಲಿ ಚಿತ್ರಿಸುತ್ತ ಬಂದಿವೆ. ಒಂದು, 'ಅಯ್ಯೋ ಪಾಪ' ಎನ್ನಿಸಿಕೊಳ್ಳುವ ದೀನ; ಇನ್ನೊಂದು, ಎಲ್ಲವನ್ನೂ ಗೆದ್ದು ನಿಂತ ಪವಾಡಪುರುಷ. ಇವೆರಡರ ನಡುವೆ ಇರುವ ಸಾಮಾನ್ಯ ಮನುಷ್ಯ ಮಾತ್ರ ಮರೆಯಲ್ಲೇ ಉಳಿದ. ವಿಕಲಚೇತನರೇ ಲೇಖನಿ ಹಿಡಿದಾಗ, ಧ್ವನಿವರ್ಧಕದ ಮುಂದೆ ತಾವೇ ಕುಳಿತಾಗ ಆ ಮನುಷ್ಯನ ನಿಜಮುಖ ಕಾಣತೊಡಗಿತು.

ಆಸ್ಟ್ರೇಲಿಯಾದ ಪತ್ರಕರ್ತೆ ಸ್ಟೆಲ್ಲಾ ಯಂಗ್ ಅವರ ಬದುಕು ಇದಕ್ಕೊಂದು ಉಜ್ವಲ ನಿದರ್ಶನ. 1982ರಲ್ಲಿ ವಿಕ್ಟೋರಿಯಾ ರಾಜ್ಯದ ಸ್ಟಾವೆಲ್ ಎಂಬ ಸಣ್ಣ ಊರಿನಲ್ಲಿ ಜನಿಸಿದ ಅವರಿಗೆ ಮೂಳೆಗಳು ಸುಲಭವಾಗಿ ಮುರಿಯುವ ಹುಟ್ಟುರೋಗವಿತ್ತು. ಗಾಲಿಕುರ್ಚಿಯೇ ಅವರ ನಡಿಗೆಯಾಗಿತ್ತು. 14ನೆಯ ವಯಸ್ಸಿನಲ್ಲಿಯೇ ಅವರು ತಮ್ಮೂರಿನ ಮುಖ್ಯಬೀದಿಯ ಅಂಗಡಿಗಳೊಳಗೆ ಗಾಲಿಕುರ್ಚಿ ಹೋಗಬಲ್ಲದೇ ಎಂಬುದನ್ನು ಪರಿಶೀಲಿಸಿದರು. 'ನನ್ನ ದೇಹಕ್ಕೇನಾಗಿದೆ' ಎಂದು ಕೇಳುವ ಬದಲು 'ಈ ಬಾಗಿಲಿಗೇನಾಗಿದೆ' ಎಂದು ಕೇಳಿದ ದೃಷ್ಟಿ ಅದು. ಮುಂದೆ ಆಸ್ಟ್ರೇಲಿಯಾದ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಎಬಿಸಿಯು ವಿಕಲಚೇತನರ ವಿಚಾರಗಳಿಗೆಂದೇ ನಡೆಸಿದ 'ರ‍್ಯಾಂಪ್ ಅಪ್' ಜಾಲತಾಣದ ಸಂಪಾದಕಿಯಾದಾಗ, ಅವರ ಬರವಣಿಗೆಯ ಮೂಲದ್ರವ್ಯವೂ ಇದೇ ಆಯಿತು.

2012ರಲ್ಲಿ ಅವರು ಬರೆದ ಲೇಖನ ಮತ್ತು 2014ರಲ್ಲಿ ಸಿಡ್ನಿಯ ಟೆಡ್‌ಎಕ್ಸ್ ವೇದಿಕೆಯಲ್ಲಿ ಮಾಡಿದ ಭಾಷಣ ಲೋಕದ ಗಮನ ಸೆಳೆದವು. ವಿಕಲಚೇತನರು ಇತರರಿಗೆ ಸ್ಫೂರ್ತಿ ನೀಡುವ ಸಾಧನಗಳಲ್ಲ ಎಂಬುದೇ ಅವೆರಡರ ತಿರುಳು. ಬಾಲ್ಯದಲ್ಲಿ ಯಾರೋ ತಮಗೆ ಸಾಧನಾ ಪ್ರಶಸ್ತಿ ಕೊಡಿಸಲು ಮುಂದಾದಾಗ, ಮಗಳು ಅಂಥದ್ದೇನನ್ನೂ ಸಾಧಿಸಿಲ್ಲವಲ್ಲ ಎಂದು ತಂದೆತಾಯಿ ಹೇಳಿದ ಪ್ರಸಂಗವನ್ನು ಅವರು ಆ ಭಾಷಣದಲ್ಲಿ ವಿನೋದವಾಗಿ ವಿವರಿಸಿದರು. ಮೆಟ್ಟಿಲುಗಳ ಮುಂದೆ ಎಷ್ಟು ಮುಗುಳ್ನಕ್ಕರೂ ಅವು ಇಳಿಜಾರು ಹಾದಿಯಾಗಿ ಮಾರ್ಪಡುವುದಿಲ್ಲ ಎಂಬರ್ಥದ ಅವರ ಮಾತು ಇಂದಿಗೂ ನೆನಪಿನಲ್ಲಿದೆ.

ಸದುದ್ದೇಶದ ಹೊಗಳಿಕೆಯಲ್ಲಿ ದೋಷವೇನು ಎಂದು ಕೆಲವರು ಕೇಳಬಹುದು. ಹೊಗಳುವವರ ಅಂತಃಕರಣ ಸುಳ್ಳಲ್ಲ. ಆದರೆ ಆ ಹೊಗಳಿಕೆಯ ಫಲವನ್ನು ವಿಚಾರಿಸಬೇಕು. ಒಬ್ಬ ವ್ಯಕ್ತಿ ಛಲದಿಂದ ಮೆಟ್ಟಿಲೇರಿದನೆಂದು ಕೊಂಡಾಡಿದಾಗ, ಅಲ್ಲಿ ಇಳಿಜಾರು ಹಾದಿ ಏಕಿಲ್ಲವೆಂಬ ಪ್ರಶ್ನೆ ಸದ್ದಿಲ್ಲದೆ ಮರೆಯಾಗುತ್ತದೆ. ಏರಲಾರದವನಿಗೆ ಛಲ ಸಾಲದೆಂಬ ಅಪವಾದ ಬೇರೆ ಅಂಟಿಕೊಳ್ಳುತ್ತದೆ. ಕನಿಕರವು ಮನುಷ್ಯನನ್ನು ಕೆಳಗಿಳಿಸಿ ದೂರವಿಡುತ್ತದೆ; ಕೊಂಡಾಟವು ಮೇಲೇರಿಸಿ ದೂರವಿಡುತ್ತದೆ. ದೂರ ಮಾತ್ರ ಅಷ್ಟೇ.

ಹಾಗಾದರೆ ನಿಜವಾದ ಒಳಗೊಳ್ಳುವಿಕೆ ಎಂದರೇನು? ಬ್ರಿಟನ್ನಿನ ಬಿಬಿಸಿಯ ಇಬ್ಬರು ಪತ್ರಕರ್ತರ ಕಾಯಕದಲ್ಲಿ ಇದಕ್ಕೆ ಉತ್ತರ ದೊರೆಯುತ್ತದೆ. ಹುಟ್ಟಿನಿಂದಲೇ ದೃಷ್ಟಿಯಿಲ್ಲದ ಪೀಟರ್ ವೈಟ್ ಅವರು, ಅಂಧರಿಗಾಗಿ 1961ರಲ್ಲಿ ಆರಂಭವಾದ 'ಇನ್ ಟಚ್' ಬಾನುಲಿ ಕಾರ್ಯಕ್ರಮವನ್ನು 1974ರಿಂದ ದಶಕಗಳ ಕಾಲ ನಡೆಸಿಕೊಟ್ಟರು. ಅಷ್ಟಕ್ಕೇ ನಿಲ್ಲದೆ, ಸಕಲ ಗ್ರಾಹಕರ ಅಹವಾಲುಗಳನ್ನು ಎತ್ತಿಕೊಳ್ಳುವ 'ಯು ಅಂಡ್ ಯುವರ್ಸ್' ಕಾರ್ಯಕ್ರಮಕ್ಕೂ ಅವರೇ ಧ್ವನಿಯಾದರು. ಫ್ರಾಂಕ್ ಗಾರ್ಡ್ನರ್ ಅವರು 2004ರ ಜೂನ್‌ನಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಉಗ್ರರ ಗುಂಡಿಗೆ ಗುರಿಯಾಗಿ ಕಾಲುಗಳ ಸ್ವಾಧೀನ ಕಳೆದುಕೊಂಡರು. ಜೊತೆಗಿದ್ದ ಛಾಯಾಗ್ರಾಹಕ ಸೈಮನ್ ಕಂಬರ್ಸ್ ಪ್ರಾಣವನ್ನೇ ತೆತ್ತರು. ಗಾರ್ಡ್ನರ್ ಗಾಲಿಕುರ್ಚಿಯಲ್ಲಿ ಮರಳಿ ಬಂದು, ಮೊದಲಿನಂತೆ ಭದ್ರತಾ ವಿಷಯಗಳ ವರದಿಗಾರಿಕೆಯನ್ನೇ ಮುಂದುವರಿಸಿದರು. ಅವರು ಯುದ್ಧ-ಶಾಂತಿಗಳನ್ನು ವಿಶ್ಲೇಷಿಸುವಾಗ ವೀಕ್ಷಕರು ಕೇಳುವುದು ವಿಷಯವನ್ನು. ಗಾಲಿಕುರ್ಚಿ ಅಲ್ಲಿ ಸಹಜವಾಗಿದೆ. ಆದರೂ 2024ರಲ್ಲಿ ಅವರು ಪಯಣಿಸಿದ ವಿಮಾನವೊಂದರಲ್ಲಿ ಒಳಬಳಕೆಯ ಗಾಲಿಕುರ್ಚಿ ಇಲ್ಲದೆ, ಶೌಚಾಲಯಕ್ಕೆ ನೆಲದ ಮೇಲೆ ತೆವಳಿ ಹೋಗಬೇಕಾಯಿತು. ಅದನ್ನವರು ಮುಚ್ಚಿಡದೆ ಲೋಕಕ್ಕೆ ತಿಳಿಸಿದರು. ಹೆಸರಿಲ್ಲದ ಅಸಂಖ್ಯ ಪಯಣಿಗರ ಮೌನಸಂಕಟವು ಅಂದು ಸುದ್ದಿಯಾಯಿತು.

ಆದರೆ ಈ ಧ್ವನಿಗಳಿಗೆ ದೊರೆತ ನೆಲೆ ಇನ್ನೂ ಭದ್ರವಾಗಿಲ್ಲ. ಸರ್ಕಾರದ ಅನುದಾನ ಮುಂದುವರಿಯದ ಕಾರಣ 'ರ‍್ಯಾಂಪ್ ಅಪ್' 2014ರ ಮಧ್ಯಭಾಗದಲ್ಲಿ ನಿಂತುಹೋಯಿತು. ಅದೇ ಡಿಸೆಂಬರ್‌ನಲ್ಲಿ ಸ್ಟೆಲ್ಲಾ ತಮ್ಮ 32ನೆಯ ವಯಸ್ಸಿನಲ್ಲಿ ನಿಧನರಾದರು. ಪ್ರತ್ಯೇಕ ಅಂಕಣವನ್ನು ಮುಚ್ಚುವುದು ಸುಲಭ. ಸುದ್ದಿಮನೆಯ ಪ್ರತಿಯೊಂದು ವಿಭಾಗದಲ್ಲೂ ವಿಕಲಚೇತನರಿದ್ದರೆ ಅವರ ಧ್ವನಿಯನ್ನು ಮುಚ್ಚುವುದು ಸುಲಭವಲ್ಲ. ಆದುದರಿಂದ ಪ್ರತ್ಯೇಕ ಪುಟವು ಮೊದಲ ಹೆಜ್ಜೆಯಾಗಬಹುದೇ ಹೊರತು ಗಮ್ಯವಾಗಲಾರದು.

ಭಾರತದ ನ್ಯಾಯವ್ಯವಸ್ಥೆಯೂ ಈ ದಿಕ್ಕಿನಲ್ಲಿಯೇ ಮಾತನಾಡಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿತು. ಚಲನಚಿತ್ರವೊಂದಕ್ಕೆ ಸಂಬಂಧಿಸಿದ ಪ್ರಕರಣದಲ್ಲಿ 2024ರ ಜುಲೈ 8ರಂದು ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯವು, ದೃಶ್ಯಮಾಧ್ಯಮಗಳು ಅವಮಾನಕರ ಪದಗಳನ್ನೂ ಸಿದ್ಧಮಾದರಿಯ ಚಿತ್ರಣಗಳನ್ನೂ ಬಿಡಬೇಕೆಂದಿತು. ವಿಕಲಚೇತನರ ಕುರಿತಾದ ಯಾವುದನ್ನೂ ಅವರನ್ನು ಹೊರಗಿಟ್ಟು ಮಾಡಬಾರದೆಂಬ ತತ್ತ್ವವನ್ನು ಎತ್ತಿಹಿಡಿಯಿತು.

ತೀರ್ಪು ದಾರಿ ತೋರಬಲ್ಲದು, ನಡೆಯಬೇಕಾದವರು ಜನರು. ವಿಕಲಚೇತನ ಪತ್ರಕರ್ತರ ಬರಹ ಕೈಗೆ ಬಂದಾಗ ಓದುಗರು ಕಣ್ಣೀರಿಡಬೇಕಿಲ್ಲ, ಚಪ್ಪಾಳೆಯನ್ನೂ ತಟ್ಟಬೇಕಿಲ್ಲ. ಅವರು ಬರೆದುದನ್ನು ಓದಿ, ಒಪ್ಪುವುದಾದರೆ ಒಪ್ಪಿ, ಒಪ್ಪದಿದ್ದರೆ ವಾದಿಸಿದರೆ ಸಾಕು. ಅದೇ ಸಮಾನರಿಗೆ ಸಲ್ಲುವ ಗೌರವ. ಬಳಿಕ ತಮ್ಮ ಮನೆ, ಅಂಗಡಿ, ಶಾಲೆ, ಸಭಾಭವನಗಳ ಬಾಗಿಲಿಗೆ ಬಂದು, ಅಲ್ಲಿರುವ ಮೆಟ್ಟಿಲುಗಳನ್ನೊಮ್ಮೆ ಎಣಿಸಿ ನೋಡಲಿ. ಓದಿದ ನುಡಿ ನಡೆಯಾಗುವುದು ಅಲ್ಲಿಯೇ.