ಪಾಠದ ವಿಮಾನಕ್ಕೂ ಜಾಗ ಬೇಕು
ಫ್ಲೈಟ್ ಸಿಮ್ಯುಲೇಟರ್‌ಗಳಲ್ಲಿ ಜರ್ಮನ್ ವಿಮಾನವೆಂದರೆ ಎದ್ದು ಕಾಣುವುದು ಮೆಸರ್ಶ್ಮಿಟ್‌ನಂಥ ಫೈಟರ್‌ಗಳೇ. ಅವುಗಳ ಪಕ್ಕದಲ್ಲಿ ಗೋಥಾ ಗೋ 145 ಕೂಡ ಇರಬೇಕು.

1919ರ ವರ್ಸೇಲ್ಸ್ ಒಪ್ಪಂದದ ಪ್ರಕಾರ ಜರ್ಮನಿ ವಾಯುಪಡೆ ಇಟ್ಟುಕೊಳ್ಳುವಂತಿರಲಿಲ್ಲ. ಹಿಟ್ಲರ್ ಅಧಿಕಾರಕ್ಕೆ ಬಂದ ಮರುವರ್ಷ, 1934ರಲ್ಲಿ, ಈ ತರಬೇತಿ ವಿಮಾನ ಮೊದಲ ಬಾರಿ ಹಾರಿತು. ಮರದ ಮೈ, ಮೇಲೊಂದು ಕೆಳಗೊಂದು ರೆಕ್ಕೆ, 240 ಅಶ್ವಶಕ್ತಿಯ ಆರ್ಗಸ್ ಎಂಜಿನ್, ಗುರುವಿಗೊಂದು ಶಿಷ್ಯನಿಗೊಂದು ಸೀಟು. 1942ರ ಕೊನೆಯಿಂದ ರಾತ್ರಿಹೊತ್ತು ಸೋವಿಯತ್ ಸೇನೆಯ ಮೇಲೆ ಬಾಂಬ್ ಹಾಕಲೂ ಇದೇ ಹೊರಟಿತು.

ಯುದ್ಧದ ತಯಾರಿ ಮೊದಮೊದಲು ಎಷ್ಟು ಸಾಧುವಾಗಿ ಕಾಣುತ್ತದೆ ಎಂಬುದು ಇದರ ಕಾಕ್‌ಪಿಟ್‌ನಲ್ಲಿ ಕೂತರೆ ತಿಳಿಯುತ್ತದೆ. ಎಂಜಿನ್ ಸದ್ದು, ಬಣ್ಣಗಳನ್ನು ನಿಖರವಾಗಿ ಮೂಡಿಸಿ ಈ ಚರಿತ್ರೆಯನ್ನು ಬಿಟ್ಟುಬಿಟ್ಟರೆ, ಆ ಮಾದರಿ ಅರ್ಧಸತ್ಯವೇ ಆಗುತ್ತದೆ.