ಗ್ರಂಥಾವಲೋಕನ: ಒಂದೇ ಹೊಸಿಲಿನಲ್ಲಿ ಪ್ರಣಯವೂ ಭಯವೂ

ಪ್ರಣಯದ ಕಥೆಗೂ ದೆವ್ವದ ಕಥೆಗೂ ಗೃಹಸ್ಥರ ಮನೆಯಲ್ಲಿ ಒಂದೇ ಬಗೆಯ ಸತ್ಕಾರ. ಹಿರಿಯರು ಅವನ್ನು ನಿಂದಿಸುವರು. ಕಿರಿಯರು ದಿಂಬಿನ ಕೆಳಗೆ ಅಡಗಿಸಿಡುವರು. ಮಧ್ಯಾಹ್ನದಲ್ಲಿ ಮನೆಯೆಲ್ಲ ಮಲಗಿದ ಮೇಲೆ, ನಿಂದಿಸಿದವರೇ ಮೆಲ್ಲನೆ ತೆಗೆದು ನಾಲ್ಕು ಪುಟ ಓದಿ, ಇದ್ದಲ್ಲಿಯೇ ಇಟ್ಟುಬಿಡುವರು. ನಾವಾದರೋ ಬಹಿರಂಗವಾಗಿ ಓದುವವರು. ಇಂತಹ ಪುಸ್ತಕ ಕೈಗೆ ಬಂದ ರಾತ್ರಿ ನಮ್ಮ ಮನೆಯ ದೀಪ ಆರುವುದು ತಡವೆಂಬುದನ್ನು ಮುಚ್ಚಿಡಬೇಕಾದ ಕಾರಣವೂ ನಮಗೆ ಕಾಣದು. ಈ ಎರಡು ರಸಗಳನ್ನೂ ಒಂದೇ ದಾರದಲ್ಲಿ ಪೋಣಿಸಿದ ಎರಡು ಕಾದಂಬರಿಗಳನ್ನು ಈ ತಿಂಗಳು ವಾಚಕರ ಮುಂದಿಡುವೆವು. ಒಂದು, ಸಿಲ್ವಿಯಾ ಮೊರೆನೊ-ಗಾರ್ಸಿಯಾ ಅವರ ‘ಮೆಕ್ಸಿಕನ್ ಗಾಥಿಕ್’; 2020ರಲ್ಲಿ ಪ್ರಕಟವಾದುದು. ಇನ್ನೊಂದು, ಇಸಬೆಲ್ ಕಾನ್ಯಾಸ್ ಅವರ ಮೊದಲ ಕಾದಂಬರಿ, ‘ದಿ ಹಾಸಿಯೆಂಡಾ’, 2022ರಲ್ಲಿ ಪ್ರಕಟವಾದುದು. ಎರಡೂ ಇಂಗ್ಲಿಷಿನಲ್ಲಿವೆ, ಎರಡರ ಕಥೆಯೂ ನಡೆಯುವುದು ಮೆಕ್ಸಿಕೋ ದೇಶದಲ್ಲಿ. ಎರಡರಲ್ಲಿಯೂ ಒಬ್ಬ ನವವಧು ಗಂಡನ ಮನೆಯ ಹೊಸಿಲನ್ನು ದಾಟುವಳು. ಎರಡರಲ್ಲಿಯೂ ಆ ಮನೆ ಒಳ್ಳೆಯದಲ್ಲ.

ಈ ಜಾತಿಯ ಕಥೆಗೆ ಇಂಗ್ಲಿಷಿನಲ್ಲಿ ‘ಗಾಥಿಕ್’ ಎಂಬ ಹೆಸರುಂಟು. ಹೊರೇಸ್ ವಾಲ್ಪೋಲ್ ಎಂಬವನು 1764ರಲ್ಲಿ ‘ಒಟ್ರಾಂಟೊ ಕೋಟೆ’ಯ ಕಥೆಯನ್ನು ಬರೆದು ಇದಕ್ಕೆ ನಾಂದಿಯನ್ನು ಹಾಡಿದನು. ಮೂವತ್ತು ವರ್ಷಗಳ ತರುವಾಯ ಆನ್ ರ‍್ಯಾಡ್‌ಕ್ಲಿಫ್ ಎಂಬಾಕೆ ‘ಉಡಾಲ್ಫೊ ರಹಸ್ಯಗಳು’ ಎಂಬ ಕಾದಂಬರಿಯಲ್ಲಿ ಅನಾಥಳಾದ ತರುಣಿಯೊಬ್ಬಳನ್ನು ಪಾಳುಕೋಟೆಯಲ್ಲಿ ಇರಿಸಿ, ವಾಚಕರ ಮೈಯನ್ನು ನಡುಗಿಸಿ, ಕಡೆಯಲ್ಲಿ ಸಮಸ್ತ ದೆವ್ವಗಳಿಗೂ ಲೌಕಿಕವಾದ ಕಾರಣಗಳನ್ನು ಕೊಟ್ಟು ಸಮಾಧಾನ ಮಾಡಿದಳು. 1847ರಲ್ಲಿ ಷಾರ್ಲಟ್ ಬ್ರಾಂಟೆಯ ‘ಜೇನ್ ಏರ್’ ಬಂದಿತು. ಅದರಲ್ಲಿ ಮೇಲಂತಸ್ತಿನಿಂದ ವಿಕಾರವಾದ ನಗೆಯೊಂದು ಕೇಳುವುದು, ಅದು ದಾಸಿಯ ನಗೆಯೆಂದು ನಾಯಿಕೆಗೆ ಹೇಳಲ್ಪಡುವುದು. 1938ರ ‘ರೆಬೆಕಾ’ದಲ್ಲಿ ಡಾಫ್ನಿ ಡು ಮೊರಿಯೆಯು ದೆವ್ವವನ್ನೇ ತರದೆ, ಸತ್ತ ಮೊದಲ ಹೆಂಡತಿಯ ಹೆಸರೊಂದರಿಂದಲೇ ಮನೆಯನ್ನೆಲ್ಲ ತುಂಬಿಬಿಟ್ಟಳು.

ಇವೆಲ್ಲವನ್ನೂ ಸಾಲಾಗಿ ಓದಿದವರಿಗೆ ಒಂದು ವಿಷಯವು ವಿದಿತವಾಗದೆ ಇರದು. ಇಲ್ಲಿ ಭಯದ ಮೂಲವು ದೆವ್ವವಲ್ಲ. ಹೆಂಗಸೊಬ್ಬಳು ತಾನು ಕಂಡುದನ್ನು, ಕೇಳಿದುದನ್ನು ಬಾಯಿಬಿಟ್ಟು ಹೇಳಿದಾಗ, ಮನೆಯ ಜನರು ‘ನಿನಗೆ ಭ್ರಮೆ’ ಎಂದು ಬಿಡುವರಲ್ಲ, ಅದೇ ಭಯದ ಮೂಲ. ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ ಎಂಬ ಅಮೆರಿಕದ ಲೇಖಕಿಯು 1892ರಲ್ಲಿ ಪ್ರಕಟಿಸಿದ ‘ಹಳದಿಯ ಗೋಡೆಕಾಗದ’ ಎಂಬ ಸಣ್ಣಕಥೆಯಲ್ಲಿ ಗಂಡನು ವೈದ್ಯನು; ಪ್ರೀತಿಯುಳ್ಳವನು; ಹೆಂಡತಿಗೆ ವಿಶ್ರಾಂತಿಯೊಂದೇ ಮದ್ದೆಂದು ನಂಬಿ, ಬರೆಯಕೂಡದು, ಹೆಚ್ಚು ಯೋಚಿಸಕೂಡದು ಎಂದು ಆಕೆಯನ್ನು ಕೋಣೆಯಲ್ಲಿ ಇರಿಸುವನು. ಆ ಪ್ರೀತಿಯೇ ಆಕೆಯನ್ನು ಹುಚ್ಚಿಗೆ ನೂಕುವುದು. ಆದಕಾರಣ ಭೀತಿಯೂ ಪ್ರಣಯವೂ ಬೆರೆತ ಕಾದಂಬರಿಯನ್ನು ತೂಗುವುದಕ್ಕೆ ನಮ್ಮಲ್ಲಿ ಒಂದೇ ತಕ್ಕಡಿಯುಂಟು: ನಾಯಿಕೆಯ ಭಯವನ್ನು ಮೊದಲು ನಂಬುವವರು ಯಾರು? ಕಾದಂಬರಿಕರ್ತರು ಆಕೆಯ ಪ್ರೀತಿಯನ್ನು ಅವರಿಗೇ ಕೊಡಿಸುವರೋ, ಅಥವಾ ನಂಬದವನಿಗೆ ಕೊಡಿಸುವರೋ?

‘ಮೆಕ್ಸಿಕನ್ ಗಾಥಿಕ್’ನ ಕಥೆಯು 1950ರ ದಶಕದ್ದು. ನೊಯೆಮಿ ತಬೋದಾ ಎಂಬವಳು ರಾಜಧಾನಿಯ ಸಿರಿವಂತರ ಮಗಳು. ಅಲಂಕಾರಪ್ರಿಯಳು, ಮಾತಿನಲ್ಲಿ ಚುರುಕು, ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರವನ್ನು ಓದಬೇಕೆಂಬ ಹಂಬಲದವಳು. ಆಕೆಯ ದಾಯಾದಿ ಅಕ್ಕ ಕಾತಲಿನಾ ಅವಸರದಲ್ಲಿ ಮದುವೆಯಾಗಿ, ಬೆಟ್ಟದ ಮೇಲಿರುವ ‘ಹೈ ಪ್ಲೇಸ್’ ಎಂಬ ಮನೆಗೆ ಹೋದವಳು, ಅಲ್ಲಿಂದ ವಿಚಿತ್ರವಾದ ಕಾಗದವೊಂದನ್ನು ಬರೆಯುವಳು: ತನಗೆ ವಿಷವಿಕ್ಕುತ್ತಿದ್ದಾರೆ, ಗೋಡೆಗಳು ಮಾತನಾಡುತ್ತವೆ, ಬಂದು ಬಿಡಿಸಿಕೊಂಡು ಹೋಗಿರಿ ಎಂದು. ಗಂಡನ ಮನೆಯವರು ಆಕೆಗೆ ಕ್ಷಯವೆನ್ನುವರು. ತಂದೆಯು ಮಗಳನ್ನು ಕರೆದು, ನೀನು ಹೋಗಿ ನಿಜಸ್ಥಿತಿಯನ್ನು ನೋಡಿ ಬಂದರೆ ಓದನ್ನು ಮುಂದುವರಿಸಲು ಒಪ್ಪಿಗೆ ಕೊಡುವೆನೆನ್ನುವನು. ಆ ದೇಶದ ಸ್ತ್ರೀಯರಿಗೆ ರಾಷ್ಟ್ರದ ಚುನಾವಣೆಗಳಲ್ಲಿ ಮತಾಧಿಕಾರವು ದೊರೆತುದು 1953ರಲ್ಲಿ ಎಂಬುದನ್ನು ನೆನೆದರೆ, ಓದಿಗೆ ತಂದೆಯ ಅಪ್ಪಣೆಯನ್ನು ಹೀಗೆ ಸಂಪಾದಿಸಬೇಕಾದುದು ಆಶ್ಚರ್ಯವಲ್ಲ.

ಆ ಮನೆಯ ವರ್ಣನೆಯೇ ಈ ಪುಸ್ತಕದ ಶಿಖರ. ಮನೆಯ ಯಜಮಾನರಾದ ಡಾಯ್ಲ್ ವಂಶದವರು ಬೆಳ್ಳಿಯ ಗಣಿಗಾಗಿ ಬಂದ ಇಂಗ್ಲಿಷರು. ಗಣಿ ಮುಚ್ಚಿದೆ, ಐಶ್ವರ್ಯ ಹೋಗಿದೆ, ಬಿಂಕ ಮಾತ್ರ ಉಳಿದಿದೆ. ಊಟದ ಮೇಜಿನಲ್ಲಿ ಯಾರೂ ಮಾತನಾಡಕೂಡದು. ಬಿಸಿಲು ಒಳಗೆ ಬರಕೂಡದು. ಗೋಡೆಯ ಕಾಗದದ ಮೇಲೆ ಬೂಷ್ಟು. ಪುಸ್ತಕಗಳ ಮೇಲೆ ಬೂಷ್ಟು. ನೋಡನೋಡುತ್ತಿದ್ದಂತೆ ಆ ಬೂಷ್ಟಿನ ಆಕಾರವು ಬದಲಾದಂತೆ ತೋರುವುದು. ಮುದುಕನಾದ ಹೋವರ್ಡ್ ಡಾಯ್ಲನು ಅತಿಥಿಯನ್ನು ಕುಳ್ಳಿರಿಸಿಕೊಂಡು ಆಕೆಯ ಮೈಬಣ್ಣದ ಮೇಲೆ, ಕುಲದ ಮೇಲೆ ಉಪನ್ಯಾಸ ಮಾಡುವನು. ಉತ್ತಮ ಕುಲದವರನ್ನೇ ಬೆಳೆಸಬೇಕೆಂಬ ‘ಸುಜನನಶಾಸ್ತ್ರ’ಕ್ಕೆ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಎಂಬವನು 1883ರಲ್ಲಿ ಹೆಸರಿಟ್ಟನಷ್ಟೆ, ಅದು ಮುಂದೆ ಲೋಕಕ್ಕೆ ಎಷ್ಟು ಕೇಡನ್ನು ತಂದಿತೆಂಬುದನ್ನು ವಾಚಕರು ಬಲ್ಲರು. ಕಾದಂಬರಿಕರ್ತ್ರಿಯು ಆ ವಾದವನ್ನು ಖಂಡಿಸಲು ಭಾಷಣ ಮಾಡುವುದಿಲ್ಲ. ಅದನ್ನು ಒಂದು ಮನೆಯೊಳಗೆ ತಂದು, ಬೂಷ್ಟಿನೊಡನೆ ಬೆಳೆಯಲು ಬಿಡುವರು. ಆ ಬೂಷ್ಟಿನ ರಹಸ್ಯವನ್ನು ನಾವಿಲ್ಲಿ ಒಡೆಯಲೊಲ್ಲೆವು. ರ‍್ಯಾಡ್‌ಕ್ಲಿಫಳ ಸಂಪ್ರದಾಯದಂತೆ ಅದಕ್ಕೆ ಪ್ರಕೃತಿಯಲ್ಲಿಯೇ ಕಾರಣವಿದೆಯೆಂದೂ, ಆ ಕಾರಣವು ದೆವ್ವಕ್ಕಿಂತ ಘೋರವೆಂದೂ ಮಾತ್ರ ಹೇಳುವೆವು.

ಈ ಭಾಗವನ್ನು ಓದುವಾಗ ಕನ್ನಡಿಗರಿಗೆ ಕೋಲಾರದ ನೆನಪಾಗುವುದು ಸಹಜ. ಅದು ಬರಿಯ ಸಾದೃಶ್ಯವೂ ಅಲ್ಲ. ಕಥೆಯ ಊರು ಕಲ್ಪಿತವಾದರೂ, ಅದಕ್ಕೆ ಮಾದರಿಯಾದುದು ಇದಾಲ್ಗೊ ಪ್ರಾಂತದ ರೆಯಾಲ್ ದೆಲ್ ಮೊಂತೆ ಎಂಬ ನಿಜವಾದ ಊರು. 1824ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಕಂಪೆನಿಯೊಂದು ಅಲ್ಲಿಯ ಬೆಳ್ಳಿಯ ಗಣಿಗಳನ್ನು ಹಿಡಿದು, ಕಾರ್ನ್‌ವಾಲ್ ಸೀಮೆಯ ಗಣಿಗಾರರನ್ನು ಸಮುದ್ರದಾಚೆಗೆ ಕಳುಹಿಸಿತು. ಅವರ ಗೋರಿಗಳ ಇಂಗ್ಲಿಷ್ ಸ್ಮಶಾನವು ಇಂದಿಗೂ ಅಲ್ಲಿದೆ. ಆ ಕಂಪೆನಿಯನ್ನು ನಡೆಸಿದವರಲ್ಲಿ ಮುಖ್ಯನಾದವನು ಜಾನ್ ಟೇಲರ್. ಅವನ ಮನೆತನದ ‘ಜಾನ್ ಟೇಲರ್ ಅಂಡ್ ಸನ್ಸ್’ ಸಂಸ್ಥೆಯೇ 1880ರಿಂದ ಕೋಲಾರದ ಚಿನ್ನದ ಗಣಿಗಳ ಆಡಳಿತವನ್ನು ವಹಿಸಿಕೊಂಡುದು. ಅಲ್ಲಿಗೂ ಕಾರ್ನ್‌ವಾಲಿನ ಗಣಿಗಾರರು ಬಂದರು. 2001ರಲ್ಲಿ ಕೋಲಾರದ ಗಣಿ ಮುಚ್ಚಿತು. ದೊರೆಗಳ ಬಂಗಲೆಗಳೂ ಸಯನೈಡ್ ಗುಡ್ಡೆಗಳೂ ಉಳಿದವು. ಗಣಿಯೊಳಗೆ ಸತ್ತ ಕೂಲಿಯವರ ಲೆಕ್ಕವನ್ನು ಮನೆಯು ಮರೆತರೂ ನೆಲವು ಮರೆಯದೆಂಬುದು ಈ ಕಾದಂಬರಿಯ ಒಳದನಿ. ಆ ದನಿ ನಮಗೆ ಪರದೇಶದ್ದೆನಿಸದು.

‘ದಿ ಹಾಸಿಯೆಂಡಾ’ ಇನ್ನೂ ಹಿಂದಿನ ಕಾಲದ್ದು. ಮೆಕ್ಸಿಕೋ 1821ರಲ್ಲಿ ಸ್ಪೇನಿನಿಂದ ಸ್ವತಂತ್ರವಾಯಿತು. ಕಥೆಯು 1823ರಲ್ಲಿ ನಡೆಯುವುದು. ಬೆಯಾತ್ರೀಸ್ ಎಂಬ ತರುಣಿಯ ತಂದೆ ಸೇನಾನಿಯಾಗಿದ್ದು, ರಾಜ್ಯ ಬದಲಾದಾಗ ಕೊಲ್ಲಲ್ಪಟ್ಟವನು. ತಾಯಿಯೂ ಮಗಳೂ ನಂಟರ ಮನೆಯಲ್ಲಿ ಹಂಗಿನ ಅನ್ನವನ್ನು ಉಣ್ಣುತ್ತಿರುವರು. ಆ ಸಮಯದಲ್ಲಿ ದೊನ್ ರೊದೋಲ್ಫೊ ಎಂಬ ಸುಂದರನಾದ ಜಮೀನುದಾರನು ಕೈ ಹಿಡಿಯಲು ಬರುವನು. ಆತನ ಮೊದಲ ಹೆಂಡತಿ ತೀರಿಕೊಂಡಿರುವಳು; ಹೇಗೆಂಬುದನ್ನು ಯಾರೂ ಸ್ಪಷ್ಟವಾಗಿ ಹೇಳರು. ಬೆಯಾತ್ರೀಸಳು ಪ್ರೇಮಕ್ಕೆ ಮನಸೋತು ಮದುವೆಯಾಗುವವಳಲ್ಲ. ತಾಯಿಗೊಂದು ಸೂರು ಬೇಕೆಂದು ಆಗುವಳು. ಈ ಪ್ರಾಮಾಣಿಕತೆ ನಮಗೆ ಬಹಳ ಹಿಡಿಸಿತು. ಪ್ರಣಯಕಾದಂಬರಿಗಳಲ್ಲಿ ಮದುವೆಗೆ ಕಾರಣ ಕಣ್ಣೋಟವೆನ್ನುವರು. ಲೋಕದಲ್ಲಿಯಾದರೋ ಎಷ್ಟು ಮದುವೆಗಳಿಗೆ ಕಾರಣ ಸೂರು!

ಜಮೀನು ಆಪಾನ್ ಎಂಬ ಊರಿನ ಬಳಿ. ಕತ್ತಾಳೆಯ ಜಾತಿಯ ಗಿಡವನ್ನು ಬೆಳೆದು, ಅದರ ರಸವನ್ನು ಹುಳಿಸಿ ‘ಪುಲ್ಕೆ’ ಎಂಬ ಪಾನೀಯವನ್ನು ಮಾಡುವುದು ಅಲ್ಲಿಯ ಕಸುಬು. ನಮ್ಮ ಹೆಂಡದ ಹಾಗೆಂದು ತಿಳಿದರೆ ಸಾಕು. ಗಂಡನು ಹೆಂಡತಿಯನ್ನು ಅಲ್ಲಿ ಬಿಟ್ಟು ರಾಜಧಾನಿಗೆ ಹೊರಟುಹೋಗುವನು. ನಾದಿನಿಯಾದ ಹುವಾನಾ ಮುಖ ಕೊಟ್ಟು ಮಾತನಾಡಳು. ಅಡುಗೆಯವಳಾದ ಆನಾ ಲುಯಿಸಾ ಅಡುಗೆಮನೆಯ ಹೊಸಿಲಿನಲ್ಲಿ ಇದ್ದಿಲಿನಿಂದ ಗುರುತುಗಳನ್ನು ಬರೆದು, ‘ಕೊಪಾಲ್’ ಎಂಬ ಮರದ ಅಂಟಿನ ಧೂಪವನ್ನು, ನಾವು ಹಾಲುಮಡ್ಡಿಯನ್ನು ಹಾಕುವಂತೆ, ಕೆಂಡಕ್ಕೆ ಹಾಕದೆ ಒಳಗೆ ಕೆಲಸ ಮಾಡಳು. ಅಂದರೆ ಮನೆಯ ಕೆಲಸದವರಿಗೆ ವಿಷಯ ತಿಳಿದಿದೆ. ಮನೆಯ ಒಡತಿಗೆ ಮಾತ್ರ ಯಾರೂ ಹೇಳಿಲ್ಲ. ರಾತ್ರಿ ಆ ಮನೆಯು ಆಕೆಯನ್ನು ನೋಡುವುದು. ಗಂಡನಿಗೆ ಹೇಳಿದರೆ ನಂಬನು. ಚರ್ಚಿನ ಹಿರಿಯ ಪಾದ್ರಿಯ ಮೊರೆಹೊಕ್ಕರೂ ಪ್ರಯೋಜನವಾಗದು. ನಂಬುವವನು ಕಿರಿಯ ಪಾದ್ರಿಯಾದ ಆಂದ್ರೇಸ್ ಒಬ್ಬನೇ. ಅಜ್ಜಿಯಿಂದ ಬಂದ ಮಂತ್ರವಿದ್ಯೆಯನ್ನು ಕ್ರೈಸ್ತಮಠದ ಭಯದಿಂದ ಬಚ್ಚಿಟ್ಟುಕೊಂಡವನು ಆತನು. ಇಲ್ಲಿಯ ದೆವ್ವಕ್ಕೆ ಲೌಕಿಕವಾದ ಸಮಾಧಾನವನ್ನು ಹುಡುಕುವಂತಿಲ್ಲ. ಅದು ನಿಜವಾದ ದೆವ್ವ.

ಇನ್ನು ನಮ್ಮ ತಕ್ಕಡಿಯ ಮಾತು. ಹಳೆಯ ಗಾಥಿಕ್ ಕಾದಂಬರಿಗಳಲ್ಲಿ ಗುಟ್ಟನ್ನು ಬಚ್ಚಿಟ್ಟ ಗಂಭೀರಮುಖದ ಯಜಮಾನನೇ ಕಡೆಯಲ್ಲಿ ನಾಯಿಕೆಯ ಪ್ರೀತಿಗೆ ಪಾತ್ರನಾಗುವನು. ಜೇನಳು ರಾಚೆಸ್ಟರನಲ್ಲಿಗೆ ಹಿಂತಿರುಗಿ ಬರುವಳು. ‘ರೆಬೆಕಾ’ದ ಎರಡನೆಯ ಹೆಂಡತಿಯು ಸತ್ಯವನ್ನು ತಿಳಿದಮೇಲೂ ಗಂಡನ ಪಕ್ಷವನ್ನೇ ಹಿಡಿಯುವಳು. ಈ ಎರಡು ಹೊಸ ಕಾದಂಬರಿಗಳು ಆ ಪದ್ಧತಿಯನ್ನು ತಿರುವಿಹಾಕಿವೆ. ಮೊದಲನೆಯದರಲ್ಲಿ ಸುಂದರನೂ ಧೀರನೂ ಆಗಿ ಕಾಣುವವನು ಕಾತಲಿನಾಳ ಗಂಡ ವರ್ಜಿಲ್. ಆದರೆ ನೊಯೆಮಿಯ ಸ್ನೇಹಕ್ಕೆ ಅರ್ಹನಾಗುವವನು ಬಿಳಿಚಿದ ಮುಖದ, ಅಣಬೆಗಳ ಚಿತ್ರವನ್ನು ಸಂಗ್ರಹಿಸುವ, ಸಂಕೋಚದ ಹುಡುಗ ಫ್ರಾನ್ಸಿಸ್. ಎರಡನೆಯದರಲ್ಲಿ ಕೈ ಹಿಡಿದವನ ಮನೆಯಲ್ಲಿ ಅವಳು ಏಕಾಕಿನಿ. ಅವಳ ಮಾತನ್ನು ಕೇಳುವವನು ಕೈ ಹಿಡಿಯಲಾಗದವನು. ರೂಪಕ್ಕಲ್ಲ, ಐಶ್ವರ್ಯಕ್ಕಲ್ಲ, ‘ನೀನು ಹೇಳುವುದು ನಿಜವಿರಬಹುದು’ ಎಂಬ ಒಂದು ಮಾತಿಗೆ ಇಲ್ಲಿ ಪ್ರೀತಿ ಹುಟ್ಟುವುದು. ಪ್ರಣಯಸಾಹಿತ್ಯದಲ್ಲಿ ಇದು ಸಣ್ಣ ಮುನ್ನಡೆಯಲ್ಲ.

ದೋಷಗಳೂ ಉಂಟು. ‘ಮೆಕ್ಸಿಕನ್ ಗಾಥಿಕ್’ನ ಪೂರ್ವಾರ್ಧವು ನಿಧಾನ; ಉತ್ತರಾರ್ಧದಲ್ಲಿ ಘಟನೆಗಳು ನುಗ್ಗಾಡುವುವು. ಕೆಲವೆಡೆ ಭಯಾನಕವು ತನ್ನ ಮೇರೆಯನ್ನು ದಾಟಿ ಜುಗುಪ್ಸೆಯಾಗಿದೆ. ಊಟದ ಮುಂಚೆ ಓದದಿರುವುದು ಕ್ಷೇಮ. ‘ದಿ ಹಾಸಿಯೆಂಡಾ’ವನ್ನು ಬೆಯಾತ್ರೀಸಳೂ ಆಂದ್ರೇಸನೂ ಸರದಿಯಾಗಿ ನಿರೂಪಿಸುವರು, ಆದರೆ ಇಬ್ಬರ ಮಾತಿನ ಧಾಟಿಯೂ ಒಂದೇ ಆಗಿ, ಯಾರು ಹೇಳುತ್ತಿರುವರೆಂಬುದನ್ನು ಅಧ್ಯಾಯದ ಶಿರೋನಾಮೆಯನ್ನು ನೋಡಿಯೇ ತಿಳಿಯಬೇಕಾಗುವುದು. ವ್ರತಸ್ಥನಾದ ಪಾದ್ರಿಯ ಮನಸ್ಸು ಚಂಚಲವಾಗುವುದನ್ನು ಕೆಲವರು ಒಪ್ಪಲಾರರು. ಕರ್ತ್ರಿಯಾದರೋ ಆ ಸಂಕಟವನ್ನು ಹಗುರವಾಗಿ ತೆಗೆದುಕೊಂಡಿಲ್ಲವೆಂದು ನಮ್ಮ ಅಭಿಪ್ರಾಯ.

ಕಡೆಯದಾಗಿ, ಇವನ್ನು ಮನೆಯಲ್ಲಿ ಇಡಬಹುದೆ ಎಂಬ ಪ್ರಶ್ನೆ. ಹದಿನೆಂಟು ತುಂಬದವರ ಕೈಗೆ ಕೊಡುವುದು ಬೇಡ; ಮುಖ್ಯವಾಗಿ ಮೊದಲನೆಯದರಲ್ಲಿ ಸ್ತ್ರೀಯ ಮೇಲಿನ ಬಲಾತ್ಕಾರಕ್ಕೆ ಸಂಬಂಧಿಸಿದ ಸನ್ನಿವೇಶಗಳಿವೆ. ಪ್ರಾಯಕ್ಕೆ ಬಂದ ಹೆಣ್ಣುಮಕ್ಕಳು ಓದಲಿ. ಆದರೆ ಅವರಿಗಿಂತ ಮೊದಲು ಮನೆಯ ಹಿರಿಯರು ಓದಲಿ ಎಂಬುದು ನಮ್ಮ ಪ್ರಾರ್ಥನೆ. ಹೊಸದಾಗಿ ಬಂದ ಸೊಸೆಯು ‘ಈ ಮನೆಯಲ್ಲಿ ನನಗೆ ಭಯವಾಗುತ್ತದೆ’ ಎಂದಾಗ, ನಾವು ‘ಹೊಸದರಲ್ಲಿ ಎಲ್ಲರಿಗೂ ಹೀಗೆಯೇ’ ಎನ್ನುವೆವು. ಇಲ್ಲವೆ ಯಂತ್ರವನ್ನು ತಂದು ಕಟ್ಟಿಸುವೆವು. ಇಲ್ಲವೆ ವೈದ್ಯರಿಂದ ನಿದ್ರೆಯ ಗುಳಿಗೆಯನ್ನು ಬರೆಸುವೆವು. ‘ಯಾರಿಂದ ಭಯವಮ್ಮ?’ ಎಂದು ಕೂರಿಸಿಕೊಂಡು ಕೇಳುವವರು ಎಷ್ಟು ಮಂದಿ? ತೌರಿಗೆ ಬಂದ ಮಗಳ ಕಾಗದವನ್ನೋ ಮಾತನ್ನೋ ‘ಹುಡುಗಾಟ’ವೆಂದು ತಳ್ಳಿಹಾಕಿ, ಮತ್ತೆ ಬಂಡಿ ಹತ್ತಿಸಿದ ಮನೆಗಳು ಮೆಕ್ಸಿಕೋ ದೇಶದಲ್ಲಿ ಮಾತ್ರವೇ ಇರುವುವೆ? ಕಾತಲಿನಾಳ ಪುಣ್ಯ, ಆಕೆಯ ಕಾಗದವನ್ನು ಓದಿ ಗಾಡಿ ಹತ್ತಿ ಬಂದ ತಂಗಿಯೊಬ್ಬಳಿದ್ದಳು.

ಎರಡೂ ಪುಸ್ತಕಗಳು ಕೊಂಡು ಓದತಕ್ಕವು. ಒಂದನ್ನೇ ಕೊಳ್ಳುವವರು, ಮನೆಯ ವರ್ಣನೆಯನ್ನು ಮೆಚ್ಚುವವರಾದರೆ ಮೊದಲನೆಯದನ್ನೂ, ಮನಸ್ಸಿನ ವರ್ಣನೆಯನ್ನು ಮೆಚ್ಚುವವರಾದರೆ ಎರಡನೆಯದನ್ನೂ ಆರಿಸಿಕೊಳ್ಳಲಿ. ಓದಿ ಮುಗಿಸಿದಮೇಲೆ ದಿಂಬಿನ ಕೆಳಗೆ ಬಚ್ಚಿಡದೆ, ನಡುಮನೆಯಲ್ಲಿ ಎಲ್ಲರ ಕಣ್ಣಿಗೂ ಬೀಳುವಂತೆ ಇಡಲಿ.