‘ಗಯ್ಯಾಳಿ’ ಎಂಬ ಮಾತಿನ ಹಿಂದೆ

ಷೇಕ್ಸ್‌ಪಿಯರ್‌ನ ‘ದಿ ಟೇಮಿಂಗ್ ಆಫ್ ದಿ ಶ್ರೂ’ ನಾಟಕವನ್ನು ಗಯ್ಯಾಳಿಯೊಬ್ಬಳು ಸಾಧ್ವಿಯಾದ ವಿನೋದಕಥೆಯೆಂದು ಓದುವ ವಾಡಿಕೆಯುಂಟು. ಕಥೆಗಿಂತ ಅದರ ಪದಗಳನ್ನು ಪರಿಶೀಲಿಸುವುದು ಉಚಿತ. ‘ಶ್ರೂ’ ಎಂಬುದು ಸೊಂಡಿಲಿಯ ಹೆಸರು. ಹಿಂದೆ ದುಷ್ಟ ಪುರುಷನಿಗೂ ಸಲ್ಲುತ್ತಿದ್ದ ಈ ಬೈಗುಳು ಕ್ರಮೇಣ ಹೆಣ್ಣಿಗೇ ಮೀಸಲಾಯಿತು. (ಕನ್ನಡದ ‘ಗಯ್ಯಾಳಿ’ಯೂ ಗಂಡಸಿಗೆ ಸಾಮಾನ್ಯವಾಗಿ ಸಲ್ಲದಷ್ಟೆ.) ಮದುವೆಯಾದೊಡನೆ ಪೆಟ್ರೂಷಿಯೋ ಕ್ಯಾಥರೀನಾಳನ್ನು ತನ್ನ ಮನೆ, ಹೊಲ, ಕಣಜ, ಕುದುರೆ, ಎತ್ತು, ಕತ್ತೆಗಳ ಸಾಲಿನಲ್ಲಿ ಎಣಿಸುತ್ತಾನೆ. ಬಳಿಕ, ಗಿಡುಗವನ್ನು ಪಳಗಿಸುವ ಬೇಟೆಗಾರನ ಪರಿಭಾಷೆಯಲ್ಲಿಯೇ ಅವಳ ಹಸಿವನ್ನೂ ನಿದ್ರಾಭಂಗವನ್ನೂ ಲೆಕ್ಕಹಾಕುತ್ತಾನೆ. ಇದು ಬರಿಯ ಅಲಂಕಾರವಲ್ಲ. ಅವಳಿಗೆ ಅನ್ನವನ್ನೂ ನಿದ್ದೆಯನ್ನೂ ನಿಜವಾಗಿಯೇ ತಪ್ಪಿಸಲಾಗುತ್ತದೆ. ಹೆಣ್ಣನ್ನು ಪಕ್ಷಿಯೆಂದು ಕರೆದ ಮೇಲೆ ಪಂಜರವೂ ನ್ಯಾಯವೆನಿಸಿಬಿಡುತ್ತದೆ.

ಆದರೂ ನಾಟಕದೊಳಗೇ ಒಂದು ಅಪಸ್ವರವಿದೆ. ಯಜಮಾನನ ವರ್ತನೆಯನ್ನು ಕೇಳಿದ ಸೇವಕ ಕರ್ಟಿಸ್, ಹಾಗಾದರೆ ಅವಳಿಗಿಂತ ಇವನೇ ಹೆಚ್ಚಿನ ‘ಶ್ರೂ’ ಎಂದುಬಿಡುತ್ತಾನೆ. ಬೈಗುಳು ತನ್ನ ಹಳೆಯ ವಾರಸುದಾರನನ್ನು ಹುಡುಕಿಕೊಂಡು ಬಂದಂತಿದೆ!

ಅದು ಆ ಕಾಲದ ಧರ್ಮವೆಂದು ಪಾಠ ಹೇಳುವವರು ಮುಂದಿನ ಅಂಕಕ್ಕೆ ಸಾಗುವುದುಂಟು. ಈ ಸಮಾಧಾನವನ್ನು ತರಗತಿಯ ಹೆಣ್ಣುಮಕ್ಕಳು ಏಕೆ ಒಪ್ಪಬೇಕು? ಆ ಕಾಲವೇ ಒಪ್ಪಿರಲಿಲ್ಲ. ಸುಮಾರು 1611ರಲ್ಲಿ ಜಾನ್ ಫ್ಲೆಚರ್ ಇದಕ್ಕೆ ಎದುರು ನಾಟಕವನ್ನೇ ರಚಿಸಿದ. ಅದರಲ್ಲಿ ಪೆಟ್ರೂಷಿಯೋನ ಎರಡನೆಯ ಹೆಂಡತಿ ಮರಿಯಾ ಬಾಗಿಲು ಹಾಕಿಕೊಂಡು ಪತಿಯನ್ನೇ ಪಳಗಿಸುತ್ತಾಳೆ. 1633ರ ನವೆಂಬರಿನಲ್ಲಿ ಒಂದನೆಯ ಚಾರ್ಲ್ಸ್ ದೊರೆಯ ಮುಂದೆ ಎರಡೂ ಪ್ರದರ್ಶಿತವಾದಾಗ, ಹೆಚ್ಚಿನ ಮೆಚ್ಚುಗೆ ಫ್ಲೆಚರ್‌ನ ನಾಟಕಕ್ಕೆ ಸಂದಿತೆಂದು ಆಸ್ಥಾನಾಧಿಕಾರಿ ಹೆನ್ರಿ ಹರ್ಬರ್ಟ್ ಬರೆದಿಟ್ಟಿದ್ದಾನೆ.